ನಾಕು ಆಂಟೆನಾದ ರೌಟರ್ ಖರೇನ ಕೆಲಸ ಮಾಡ್ತೈತೋ ಇಲ್ಲೋ, ಅಳದ್ ನೋಡೂದು ಹೆಂಗ?

ನಮ್ಮದು ಧಾರವಾಡ ಮಾಳಮಡ್ಡಿಯೊಳಗ ಹಳೇ ಮನಿ, ಗ್ವಾಡಿ ಒಂದೂವರಿ ಫೂಟ್ ದಪ್ಪ, ಪಡಸಾಲ್ಯಾಗ ರೌಟರ್ ಇಟ್ರ ಅಡಗಿಮನ್ಯಾಗ ವಿಡಿಯೋ ಬರೇ ಗಿರಗಿರ ತಿರಗತಿತ್ತು, ಅದಕ್ಕ ನಾಕು ಆಂಟೆನಾದ್ದು ತಂದೆ. ಸ್ಪೀಡ್ ಟೆಸ್ಟ್ ಒಮ್ಮೆ ಒತ್ತಿ ಮಸ್ತ್ ಐತಿ ಅನಬ್ಯಾಡ್ರಿ, ಅದು ನಿಮ್ಮ ಪ್ಲ್ಯಾನಿನ ಅಳತಿ, 100 ಎಂಬಿಪಿಎಸ್ ಪ್ಲ್ಯಾನ್ ಇದ್ರ ರೌಟರ್ ಎಷ್ಟ ಜೋರ್ ಇದ್ರೂ 100ರ ಮ್ಯಾಲೆ ಹೋಗೂದಿಲ್ಲ.

ಒಂದು ಲ್ಯಾಪ್‌ಟಾಪ್ ಕೇಬಲ್‌ಲೇ ರೌಟರಿಗೆ ಹಚ್ಚಿ ಐಪರ್ಫ್3 (ಮನಿಯೊಳಗಿನ ನೆಟ್‌ವರ್ಕಿನ ವೇಗ ಅಳಿಯೂ ಪ್ರೋಗ್ರಾಮ್) ಸರ್ವರ್ ಚಾಲೂ ಮಾಡ್ರಿ. ಪೋರ್ಟ್ ಎರಡೂ ಕಡೆ ಗಿಗಾಬಿಟ್ (1000 ಎಂಬಿಪಿಎಸ್) ಇರ್ಲಿ, ನಾ ಒಂದಿನ ಪೂರಾ 94 ದಾಟವಲ್ದು ಅಂತ ರೌಟರಿಗೆ ಬೈದೆ, ಆಮ್ಯಾಲ ನೋಡಿದ್ರ ಲ್ಯಾಪ್‌ಟಾಪ್ ಪೋರ್ಟ 100ರದ್ದು! ಫೋನಿನ್ಯಾಗೂ ಐಪರ್ಫ್3 ಹಾಕಿ ಆ ಲ್ಯಾಪ್‌ಟಾಪಿಗೆ 60 ಸೆಕೆಂಡ್ ಓಡಸ್ರಿ, ರಿವರ್ಸ್ ಹಾಕಿ ಡೌನ್‌ಲೋಡ್ ದಿಕ್ಕೂ ನೋಡ್ರಿ.

ಆಮ್ಯಾಲ ಫೋನಿನ ಲಿಂಕ್ ಸ್ಪೀಡ್. ವೈಫೈ 5, ಚಾನಲ್ ಅಗಲ 80 ಮೆಗಾಹರ್ಟ್ಜ್ ಇದ್ರ ಒಂದು ಸ್ಟ್ರೀಮಿಗೆ (ಒಂದ ಹೊತ್ತಿಗೆ ಬ್ಯಾರೆ ಬ್ಯಾರೆ ಹೋಗೂ ಡೇಟಾ ಸಾಲಿನ್ಯಾಗ ಒಂದು) ಭಾಳ ಅಂದ್ರ 433 ಎಂಬಿಪಿಎಸ್, ಎರಡಕ್ಕ 866. 433 ದಾಟಿತು ಅಂದ್ರ ಎರಡು ಸ್ಟ್ರೀಮ್ ನಡದಾವು. ಕೈಗೆ ಸಿಗೂದು ಅದರ ಅರ್ಧ, ಇಲ್ಲಾ ಸ್ವಲ್ಪ ಜಾಸ್ತಿ. ಫೋನಿನ್ಯಾಗ ಸಾಮಾನ್ಯ ಎರಡ ಆಂಟೆನಾ, ಹಿಂಗಾಗಿ ರೌಟರಿಗೆ ನಾಕಿದ್ರೂ ಸ್ಟ್ರೀಮ್ ನಾಕು ಆಗೂದಿಲ್ಲ.

ಇನ್ನ ಮುಖ್ಯದ್ದು. 5 ಗಿಗಾಹರ್ಟ್ಜ್ ಅಲಿ ಸುಮಾರು 6 ಸೆಂಟಿಮೀಟರ್ ಉದ್ದ, ಗ್ವಾಡಿಗೆ ಬಡದು ಬಂದ ಅಲಿ ಕೂಡಿ ಒಂದು ಕಡೆ ಜೋರ್, ಒಂದೆರಡು ಸೆಂಟಿಮೀಟರ್ ಸರದ್ರೂ ಸಪ್ಪಗ ಆಗಬಹುದು, ಅಂದಮ್ಯಾಲೆ ಒಂದ ಜಾಗದಾಗಿನ ನಂಬರ್ ಏನ್ ಹೇಳ್ತೈತಿ? ನಾ ಅಡಗಿಕಟ್ಟಿ ಮ್ಯಾಲೆ ಪೇಪರ್ ಹಾಸಿ ಮೂರ್ ಮೂರ್ ಸೆಂಟಿಮೀಟರಿಗೆ ಒಂಬತ್ತು ಗುರ್ತು ಹಾಕಿದೆ, ಫೋನ್ ಕೈಯಾಗ ಹಿಡೀಲಾರ್ದ (ಕೈ ಆಂಟೆನಾ ಮುಚ್ಚತೈತಿ) ಗುರ್ತಿನ ಮ್ಯಾಲೆ ಇಟ್ಟ ಅಳದೆ. ಒಂಬತ್ತನ್ನೂ ಕಡಿಮಿಯಿಂದ ಜಾಸ್ತಿಗೆ ಬರಕೊಂಡು ಐದನೇದ್ದು ನೋಡ್ರಿ, ಮೊದಲನೇದ್ದೂ ನೋಡ್ರಿ, ಸರಾಸರಿ ತಗದ್ರ ಕೆಟ್ಟ ಜಾಗ ಮುಚ್ಚಿ ಹೋಗ್ತೈತಿ. ನಮ್ಮಲ್ಲಿ ಸ್ಟೀಲ್ ಡಬ್ಬಿ ಸಾಲಿನ ಹಿಂದ ಅಳದದ್ದು ಮಧ್ಯದ್ದರ ಮೂರನೇ ಒಂದು ಪಾಲೂ ಇರ್ಲಿಲ್ಲ.

ಸಿಗ್ನಲ್ ಜೋರ್ ಇದ್ರೂ ಸ್ಟ್ರೀಮ್ ಒಂದ ತೋರಸ್ತೈತಿ ಅಂದ್ರ ಆಂಟೆನಾ ಎಲ್ಲಾ ನೆಟ್ಟಗ ನಿಂದ್ರಸಬ್ಯಾಡ್ರಿ, ಒಂದೆರಡು ಅಡ್ಡ ಮಾಡಿ ಮತ್ತ ಅಳೀರಿ, ಎರಡೂ ದಾರಿ ಒಂದ ನಮೂನಿ ಇದ್ರ ಸ್ಟ್ರೀಮ್ ಬ್ಯಾರೆ ಮಾಡಾಕ ಬರೂದಿಲ್ಲ.

ಚಾನಲ್ (ರೌಟರ್ ಹಿಡಿಯೂ ಫ್ರೀಕ್ವೆನ್ಸಿ) ಮಾತ್ರ ಆಟೋ ಇಡಬ್ಯಾಡ್ರಿ. ಮಳಿ ಎರಡು ಹನಿ ಬಿದ್ರ ಕರೆಂಟ್ ಹೊಕ್ಕೈತಿ, ಬಂದ ಮ್ಯಾಲೆ ರೌಟರ್ ಬ್ಯಾರೆ ಚಾನಲ್ ಹಿಡದ್ ಕುಂತಿರ್ತೈತಿ, ನಿನ್ನಿ ಒಂಬತ್ತು ನಂಬರ್ ಕಸಕ್ಕ.