ವಿಡಿಯೊವನ್ನು ಎಲ್ಲಿ ನಿಲ್ಲಿಸಬೇಕು?

ಆನ್‌ಲೈನ್ ಕಲಿಕೆಯಿಂದ ನನ್ನ ಮಕ್ಕಳಿಗೆ ನಿಜವಾದ ಉಪಯೋಗ ಆಗತೊಡಗಿದ್ದು ಶಾಲೆಯ ಬಾಗಿಲು ಮತ್ತೆ ತೆರೆದು, ಅವರೆಲ್ಲ ಬಂದು ನನ್ನೆದುರು ಕುಳಿತ ಮೇಲೆ. ಮೊಬೈಲ್ ಪರದೆಯ ಪಾಠ ಮನೆಯಲ್ಲಿ ಒಬ್ಬೊಬ್ಬರೇ ನೋಡಲು ಇರುವುದು ಎಂದು ಎಲ್ಲರೂ ಭಾವಿಸಿದ್ದ ಕಾಲದಲ್ಲಿ ಅದು ನಮ್ಮ ಊರಿನಲ್ಲಿ ಕಾಲೂರಲಿಲ್ಲ. ತರಗತಿಯೊಳಗೆ, ಎಲ್ಲರೂ ಒಟ್ಟಿಗೆ ನೋಡಿ, ನಡುವೆ ನಿಲ್ಲಿಸಿ, ಮಾತಾಡಿ, ಕೈಯಿಂದ ಮಾಡಿ ನೋಡಲು ತೊಡಗಿದಾಗ ಬೇರೂರಿತು. ಅದನ್ನು ಹೇಗೆ ಮಾಡುತ್ತಿದ್ದೇನೆ ಎಂಬುದನ್ನು ನನ್ನಂತೆಯೇ ಹಳ್ಳಿಯ ಶಾಲೆಯಲ್ಲಿರುವ ಶಿಕ್ಷಕರಿಗಾಗಿ ಬರೆಯುತ್ತಿದ್ದೇನೆ.

ನಾನಿರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಆರು ಮತ್ತು ಏಳನೇ ತರಗತಿಗೆ ಗಣಿತ, ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಕಾಡಿನ ನಡುವೆ ಚದುರಿದ ಒಂಟಿಮನೆಗಳಿಂದ ನಡೆದು ಬರುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು.

2020ರ ಜುಲೈ 29ರಂದು ಕೇಂದ್ರ ಸಚಿವ ಸಂಪುಟ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಗೆ ಒಪ್ಪಿಗೆ ಕೊಟ್ಟಾಗ ನಮ್ಮ ಶಾಲೆ ಮುಚ್ಚಿತ್ತು. 1986ರ ನೀತಿಯ ನಂತರ ಬಂದ ಈ ದಾಖಲೆಯ ಕರಡನ್ನು ರೂಪಿಸಿದ್ದು ಕೆ. ಕಸ್ತೂರಿರಂಗನ್ ಅವರ ನೇತೃತ್ವದ ಸಮಿತಿ. ಚರ್ಚೆಯೆಲ್ಲ ಶಾಲಾ ವರ್ಷಗಳನ್ನು 5+3+3+4 ಎಂದು ನಾಲ್ಕು ಹಂತಗಳಾಗಿ ವಿಂಗಡಿಸುವ ಹೊಸ ವಿನ್ಯಾಸದ ಸುತ್ತ, ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಕೆ ಎಂಬುದರ ಸುತ್ತ ನಡೆಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ 24ನೇ ಅಧ್ಯಾಯ. ಡಿಜಿಟಲ್ ಸೌಲಭ್ಯ ಇದ್ದವರು ಮತ್ತು ಇಲ್ಲದವರ ನಡುವಿನ ಕಂದಕ ಮುಚ್ಚದೆ ಆನ್‌ಲೈನ್ ಶಿಕ್ಷಣದ ಲಾಭ ಸಿಗದು, ಸೌಲಭ್ಯ ಇಲ್ಲದವರನ್ನು ಟಿವಿ, ರೇಡಿಯೊ, ಸಮುದಾಯ ರೇಡಿಯೊಗಳ ಮೂಲಕ ತಲುಪಬೇಕು, ಮುಖಾಮುಖಿ ಕಲಿಕೆಯ ಮಹತ್ವವನ್ನು ಒಪ್ಪಿಕೊಂಡೇ ಎರಡನ್ನೂ ಬೆರೆಸಿದ ಮಾದರಿಗಳನ್ನು ಹುಡುಕಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ಮಾತು ಸರಿಯಾದದ್ದು. ಆದರೆ ಬೆರೆಸುವುದು ಹೇಗೆ ಎಂಬುದನ್ನು ಶಿಕ್ಷಕರೇ ಕಂಡುಕೊಳ್ಳಬೇಕಿತ್ತು.

ನಮ್ಮ ರಾಜ್ಯ ಆಮೇಲೆ ಬೇರೆ ದಾರಿ ಹಿಡಿಯಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಯಾವ ನೀತಿ ಬಂದರೂ ತರಗತಿಯೊಳಗೆ ಈ ಬೆರಕೆಯ ಪ್ರಶ್ನೆ ಹಾಗೆಯೇ ಇರುತ್ತದೆ.

ಶಾಲೆ ಮುಚ್ಚಿದ್ದ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು, ‘ವಿದ್ಯಾಗಮ’ದಲ್ಲಿ ನಾವು ದೇವಸ್ಥಾನದ ಜಗುಲಿಗಳಲ್ಲಿ, ಮರದ ನೆರಳಲ್ಲಿ ಸಣ್ಣ ಸಣ್ಣ ಗುಂಪು ಕೂರಿಸಿ ಕಲಿಸಿದೆವು. ಸೋಂಕು ಹರಡಿ ಅದೂ 2020ರ ಅಕ್ಟೋಬರ್‌ನಲ್ಲಿ ನಿಂತಿತು. ಹಳ್ಳಿಯ ಮಕ್ಕಳ ಕಲಿಕೆಯನ್ನು ನೋಡುವ ‘ಅಸರ್’ ಸಮೀಕ್ಷೆಯ ಆ ವರ್ಷದ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಶೇ 61.8ರಷ್ಟು ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. 2018ರಲ್ಲಿ ಇದ್ದದ್ದು ಶೇ 36.5. ಏರಿಕೆ ದೊಡ್ಡದೇ. ಆದರೆ ಮನೆಯಲ್ಲಿ ಫೋನ್ ಇರುವುದಕ್ಕೂ ಮಗುವಿನ ಕೈಗೆ ಫೋನ್ ಸಿಗುವುದಕ್ಕೂ ನಡುವೆ ಬಹಳ ಅಂತರವಿದೆ. ನಮ್ಮೂರಲ್ಲಿ ಆ ಫೋನ್ ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗುತ್ತದೆ, ಸಂಜೆ ಬಂದರೆ ಮೊದಲು ಅಣ್ಣನಿಗೆ. ತಂಗಿಯ ಸರದಿ ಬರುವ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ.

ಆಗ ನನಗೆ ಹೆಚ್ಚು ನೆರವಾದದ್ದು ಸಾಮಾನ್ಯ ಕೀಪ್ಯಾಡ್ ಫೋನ್. ಮಕ್ಕಳು ಮಿಸ್ಡ್ ಕಾಲ್ ಕೊಡುತ್ತಿದ್ದರು, ನಾನು ತಿರುಗಿ ಕರೆ ಮಾಡಿ ಒಂದೇ ಒಂದು ಲೆಕ್ಕ ಮಾತಿನಲ್ಲಿ ಮಾಡಿಸುತ್ತಿದ್ದೆ. ಉತ್ತರಕ್ಕಿಂತ ‘ಹೇಗೆ ಮಾಡಿದೆ, ಹೇಳು’ ಎಂದು ಕೇಳುವುದು ಮುಖ್ಯವಾಗಿತ್ತು. ಅದೇ ಕಾಲದಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಸಂಶೋಧಕರು ಇದನ್ನೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದರು ಎಂದು ನಂತರ ಓದಿದೆ. ವಾರಕ್ಕೊಮ್ಮೆ ಗಣಿತದ ಎಸ್ಸೆಮ್ಮೆಸ್ ಕಳಿಸಿದ ಮೇಲೆ ಶಿಕ್ಷಕರು ಫೋನ್ ಕೂಡ ಮಾಡಿದ ಮನೆಗಳಲ್ಲಿ ಕಲಿಕೆ ಕಣ್ಣಿಗೆ ಕಾಣುವಷ್ಟು ಸುಧಾರಿಸಿತ್ತು. ಬರೀ ಎಸ್ಸೆಮ್ಮೆಸ್ ಹೋದ ಕಡೆ ಅಷ್ಟು ಫಲ ಸಿಕ್ಕಿರಲಿಲ್ಲ. ಯಂತ್ರದ ಆಚೆಗೆ ತನಗಾಗಿ ಕಾಯುತ್ತಿರುವ ಒಬ್ಬರು ಇದ್ದಾರೆ ಎಂಬುದು ಮಗುವಿಗೆ ಗೊತ್ತಾಗಬೇಕು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆರು, ಏಳನೇ ತರಗತಿಗಳು 2021ರ ಸೆಪ್ಟೆಂಬರ್‌ನಲ್ಲಿ ತೆರೆದವು, ಚಿಕ್ಕ ಮಕ್ಕಳು ಅಕ್ಟೋಬರ್ ಕೊನೆಗೆ ಬಂದರು. ಮುಂದಿನ ವರ್ಷ ‘ಕಲಿಕಾ ಚೇತರಿಕೆ’ ಬಂತು, ಪಠ್ಯಪುಸ್ತಕದ ಜೊತೆಗೆ ಕಲಿಕಾ ಹಾಳೆಗಳು ಬಂದವು. ಹಿಂದೆ ಉಳಿದದ್ದನ್ನು ತುಂಬಿಕೊಳ್ಳುವ ಈ ಕೆಲಸದಲ್ಲೇ ನಾನು ಸರ್ಕಾರದ ಕಲಿಕಾ ಆಪ್ ‘ದೀಕ್ಷಾ’ವನ್ನು ಬೇರೆ ರೀತಿಯಲ್ಲಿ ಬಳಸಲು ತೊಡಗಿದೆ. ಪಠ್ಯಪುಸ್ತಕದಲ್ಲಿ ಪಾಠದ ಜೊತೆ ಅಚ್ಚಾಗಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ. ಅಚ್ಚು ಮಸುಕಾಗಿದ್ದರೆ ಕೋಡ್‌ನ ಕೆಳಗಿರುವ ಆರು ಅಕ್ಷರಗಳನ್ನು ಆಪ್‌ನಲ್ಲಿ ಟೈಪ್ ಮಾಡಿದರೂ ಸಾಕು. ನಮ್ಮಂಥವರಿಗೆ ಬಹಳ ಮುಖ್ಯವಾದದ್ದು ಇನ್ನೊಂದು: ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಅದನ್ನು ತೋರಿಸಬಹುದು. ವಾರದ ಸಂತೆಗೆ ಪೇಟೆಗೆ ಹೋದಾಗ ಮುಂದಿನ ವಾರದ ಪಾಠಗಳನ್ನೆಲ್ಲ ಇಳಿಸಿಕೊಂಡು ಬರುತ್ತೇನೆ.

ಇಳಿಸಿಕೊಂಡದ್ದನ್ನು ನೇರವಾಗಿ ತರಗತಿಗೆ ಒಯ್ಯುವುದಿಲ್ಲ. ರಾತ್ರಿ ಕುಳಿತು ನೋಡಿ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಪಾಠ ಯೋಜನೆಯ ಪುಸ್ತಕದಲ್ಲಿ ನಿಮಿಷ, ಸೆಕೆಂಡಿನ ಸಮೇತ ಬರೆದುಕೊಳ್ಳುತ್ತೇನೆ. ವಿಡಿಯೊ ಉತ್ತರ ಹೇಳುವುದಕ್ಕೆ ಸ್ವಲ್ಪ ಮೊದಲು ನಿಲ್ಲಬೇಕು. ನಿಲ್ಲಿಸಿದ ಕೂಡಲೇ ಮಕ್ಕಳ ಕೈಗೆ ಮಾಡಲು ಏನಾದರೂ ಕೆಲಸ ಬೀಳಬೇಕು. ನಾನು ಮಾಡುವುದರ ಸಾರವೆಲ್ಲ ಇಷ್ಟೇ.

ಆರನೇ ತರಗತಿಯ ಭಿನ್ನರಾಶಿಯನ್ನೇ ನೋಡಿ. ಎಂಟನೇ ಒಂದು ದೊಡ್ಡದೋ ನಾಲ್ಕನೇ ಒಂದು ದೊಡ್ಡದೋ ಎಂದರೆ ತರಗತಿಯ ಬಹುಪಾಲು ಮಕ್ಕಳು ಎಂಟನೇ ಒಂದೇ ದೊಡ್ಡದು ಎನ್ನುತ್ತಾರೆ. ಎಂಟು ನಾಲ್ಕಕ್ಕಿಂತ ದೊಡ್ಡದಲ್ಲವೇ! ವಿಡಿಯೊದಲ್ಲಿ ಬಣ್ಣದ ಪಟ್ಟಿಯೊಂದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತದೆ. ನಾಲ್ಕಾದ ಕೂಡಲೇ ನಿಲ್ಲಿಸುತ್ತೇನೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಒಂದೇ ಅಳತೆಯ ಪಟ್ಟಿಗಳಾಗಿ ಕತ್ತರಿಸಿ ಮೊದಲೇ ಎಲ್ಲರಿಗೂ ಹಂಚಿರುತ್ತೇನೆ. ಮಡಚಿ, ಬಿಡಿಸಿ, ಗೆರೆ ಎಳೆದು, ಒಂದರ ಪಕ್ಕ ಒಂದು ಇಟ್ಟು ನೋಡುತ್ತಾರೆ. ‘ಟೀಚರ್, ಮಡಚಿದಷ್ಟೂ ಚಿಕ್ಕದಾಗುತ್ತಾ ಹೋಗುತ್ತಿದೆ’ ಎಂದು ಯಾರಾದರೂ ಕೂಗಿದ ಮೇಲೆಯೇ ವಿಡಿಯೊ ಮುಂದಕ್ಕೆ ಹೋಗುವುದು.

ನಿಜವಾದ ಸ್ವಾರಸ್ಯ ಮೂರನೇ ಒಂದರಲ್ಲಿದೆ. ಪರದೆಯ ಮೇಲೆ ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಸಮಭಾಗವಾಗುತ್ತದೆ. ಕೈಯಲ್ಲಿರುವ ಕಾಗದ ಹಾಗೆ ಆಗುವುದಿಲ್ಲ. ಅರ್ಧ ಮಾಡಿ ಮತ್ತೆ ಅರ್ಧ ಮಾಡುತ್ತಾ ಹೋದರೆ ಎಂದೂ ಮೂರು ಸಿಗದು. ಮಕ್ಕಳು ಅಳೆದು, ಸುರುಳಿ ಸುತ್ತಿ, ಅಂದಾಜಿನಲ್ಲಿ ಮಡಚಿ ಒದ್ದಾಡುತ್ತಾರೆ. ಆ ಒದ್ದಾಟಕ್ಕೆ ನಾನು ಬೇಕಾದಷ್ಟು ಸಮಯ ಕೊಡುತ್ತೇನೆ. ಕೊನೆಗೆ ಗೆರೆ ಹಾಕಿದ ನೋಟ್‌ಬುಕ್ಕಿನ ಮೇಲೆ ಪಟ್ಟಿಯನ್ನು ಓರೆಯಾಗಿ ಇಡಲು ಹೇಳುತ್ತೇನೆ. ಪಟ್ಟಿಯ ಒಂದು ತುದಿ ಒಂದು ಗೆರೆಯ ಮೇಲೆ, ಇನ್ನೊಂದು ತುದಿ ಅಲ್ಲಿಂದ ಮೂರು ಮನೆ, ಅಂದರೆ ಗೆರೆಗಳ ನಡುವಿನ ಮೂರು ಜಾಗ, ದಾಟಿದ ಗೆರೆಯ ಮೇಲೆ ಕೂರಬೇಕು. ಪಟ್ಟಿ ತೀರಾ ಉದ್ದವಿದ್ದರೆ ಆರನೆಯ, ಒಂಬತ್ತನೆಯ ಗೆರೆ ಹಿಡಿದು ಅದೇ ರೀತಿ ಪಾಲು ಮಾಡಬಹುದು. ನಡುವಿನ ಗೆರೆಗಳು ಪಟ್ಟಿಯನ್ನು ದಾಟುವಲ್ಲಿ ಗುರುತು ಹಾಕಿದರೆ ಮೂರು ಭಾಗವೂ ಸಮ. ಒಬ್ಬ ಹುಡುಗಿ ಮೂರು ತುಂಡನ್ನೂ ಕತ್ತರಿಸಿ ಒಂದರ ಮೇಲೊಂದು ಇಟ್ಟು, ಉಗುರಿನಿಂದ ಅಂಚು ಸವರಿ ನೋಡಿ, ‘ಐದು ಮಾಡಬೇಕಾದರೆ ಐದು ಮನೆ ದಾಟಿಸಬೇಕಾ?’ ಎಂದು ಕೇಳಿದಳು. ಎಸ್ಸೆಸ್ಸೆಲ್ಸಿಯಲ್ಲಿ ಥೇಲ್ಸ್‌ನ ಪ್ರಮೇಯ ಎಂದು ಓದುವುದರ ಬೀಜ ಅದು. ಆ ಪ್ರಶ್ನೆ ಹುಟ್ಟಲು ಪರದೆಯ ಸಲೀಸೂ ಬೇಕಿತ್ತು, ಕಾಗದದ ಹಟವೂ ಬೇಕಿತ್ತು.

ಸಲಕರಣೆಯ ಬಗ್ಗೆ ನಾಲ್ಕು ಮಾತು. ಚಿತ್ರಕ್ಕಿಂತ ಧ್ವನಿ ಮುಖ್ಯ, ಹಿಂದಿನ ಸಾಲಿಗೆ ಕೇಳದಿದ್ದರೆ ಅಲ್ಲಿ ಪಾಠ ಮುಗಿದಂತೆ. ಮಳೆ ಹೆಂಚಿನ ಮೇಲೆ ಬಡಿಯುವಾಗ ಯಾವ ಸ್ಪೀಕರೂ ಸಾಲದು. ಆಗ ಧ್ವನಿ ನಿಲ್ಲಿಸಿ ಚಿತ್ರ ಮಾತ್ರ ಓಡಿಸಿ ನಾನೇ ವಿವರಿಸುತ್ತೇನೆ, ಆಮೇಲೆ ಮಕ್ಕಳೇ ಸರದಿಯಲ್ಲಿ ವಿವರಣೆ ಕೊಡುತ್ತಾರೆ. ಇದು ಎಷ್ಟು ಚೆನ್ನಾಗಿ ನಡೆಯಿತೆಂದರೆ ಈಗ ಬಿಸಿಲಿನಲ್ಲಿಯೂ ಹಾಗೆಯೇ ಮಾಡುತ್ತೇನೆ. ಹಳೆಯ ವಿದ್ಯಾರ್ಥಿಗಳು ಕೊಡಿಸಿದ ಟಿವಿ ಕರೆಂಟು ಇದ್ದಾಗ ಉಂಟು. ಇಲ್ಲದಾಗ ಚಾರ್ಜ್ ಮಾಡಿಟ್ಟ ಟ್ಯಾಬ್ ಹಿಡಿದು ಗುಂಪಿನಿಂದ ಗುಂಪಿಗೆ ಹೋಗುತ್ತೇನೆ, ಉಳಿದವರು ಕಾಗದದ ಕೆಲಸದಲ್ಲಿರುತ್ತಾರೆ.

ಒಂದರಿಂದ ಮೂರನೇ ತರಗತಿಯವರಿಗೆ ಮಾತ್ರ ಪರದೆ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ನಲಿ-ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯವನ್ನೆಲ್ಲ ತಲುಪಿದ ಈ ಪದ್ಧತಿಯಲ್ಲಿ ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತುತ್ತದೆ. ಮೂರನೇ ತರಗತಿ ಮುಗಿಸುವ ಹೊತ್ತಿಗೆ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಸರಳ ಲೆಕ್ಕ ಮಾಡಬೇಕು ಎಂದು 2021ರಲ್ಲಿ ಆರಂಭವಾದ ಕೇಂದ್ರದ ‘ನಿಪುಣ್ ಭಾರತ್’ ಯೋಜನೆ ಗುರಿ ಇಟ್ಟಿದೆ. ಆ ಗುರಿಗೆ ಬೇಕಾದದ್ದು ಮಗುವಿನ ಬೆರಳಿನ ಜೊತೆ ಅಕ್ಷರದ ಮೇಲೆ ಬೆರಳಿಡುವ ಶಿಕ್ಷಕರು. ಶಿಕ್ಷಕರಿಲ್ಲದ ಖಾಲಿ ಹುದ್ದೆಗೆ ಟ್ಯಾಬ್ ಪರ್ಯಾಯವಾಗಬಾರದು, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಶಿಕ್ಷಕರ ತರಬೇತಿಯ ವಿಷಯಕ್ಕೆ ಬಂದರೆ ಆನ್‌ಲೈನ್ ನನಗೆ ನಿಜಕ್ಕೂ ದೊಡ್ಡ ಉಪಕಾರ ಮಾಡಿದೆ. ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆ ಇರಬೇಕು ಎಂದು ಶಿಕ್ಷಣ ನೀತಿ ಹೇಳುತ್ತದೆ. ‘ನಿಷ್ಠಾ’ ಕೋರ್ಸ್‌ಗಳು ದೀಕ್ಷಾದಲ್ಲಿ ಬಂದಾಗ ಶಾಲೆ ಬಿಟ್ಟು, ಮಕ್ಕಳನ್ನು ಬಿಟ್ಟು ದೂರ ಹೋಗದೆ ಕಲಿಯಲು ಸಾಧ್ಯವಾಯಿತು. ಆದರೆ ಒಬ್ಬರೇ ಕುಳಿತು ಕ್ಲಿಕ್ ಮಾಡುತ್ತಾ ಹೋದರೆ ಪ್ರಮಾಣಪತ್ರ ಬರುತ್ತದೆ, ತರಗತಿ ಬದಲಾಗುವುದಿಲ್ಲ. ಪಕ್ಕದ ಶಾಲೆಯ ಗಣಿತ ಶಿಕ್ಷಕರು ಮತ್ತು ನಾನು ಒಂದೇ ಮಾಡ್ಯೂಲನ್ನು ಒಂದೇ ವಾರ ಓದಿ, ಅದರಿಂದ ಒಂದು ಚಟುವಟಿಕೆಯನ್ನು ಇಬ್ಬರೂ ತರಗತಿಯಲ್ಲಿ ಮಾಡಿ, ಸುತ್ತಲಿನ ಶಾಲೆಗಳು ಸೇರಿದ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಮಕ್ಕಳ ನೋಟ್‌ಬುಕ್ ಮುಂದಿಟ್ಟುಕೊಂಡು ಮಾತಾಡುತ್ತೇವೆ. ಯಾವ ಮಗು ಎಲ್ಲಿ ಎಡವಿತು ಎಂಬ ಆ ಮಾತುಕತೆಯಲ್ಲೇ ನಮ್ಮಿಬ್ಬರ ಕಲಿಕೆ ಆಗುತ್ತಿದೆ.

ಇಲಾಖೆಯ ಮುಂದೆ ನನ್ನ ಬೇಡಿಕೆ ಒಂದಿದೆ. ಎಷ್ಟು ಸ್ಕ್ಯಾನ್ ಆಯಿತು, ಎಷ್ಟು ನಿಮಿಷ ನೋಡಿದರು ಎಂಬ ಲೆಕ್ಕದಿಂದ ಮಗು ಕಲಿತದ್ದು ತಿಳಿಯುವುದಿಲ್ಲ. ಅದರ ಬದಲು, ಪ್ರತಿ ವಿಡಿಯೊದ ಜೊತೆಗೆ ತರಗತಿಯಲ್ಲಿ ಅದನ್ನು ಬಳಸಿದ ಶಿಕ್ಷಕರ ಟಿಪ್ಪಣಿಗೆ ಜಾಗ ಇರಲಿ: ಎಲ್ಲಿ ನಿಲ್ಲಿಸಿದೆವು, ಏನು ಕೇಳಿದೆವು, ಮಕ್ಕಳು ಏನೆಂದರು. ಬೀದರಿನ ಶಿಕ್ಷಕರು ಬರೆದದ್ದು ಹೊಸನಗರದ ನನಗೆ ಸಿಗಲಿ, ನಾನು ಬರೆದದ್ದು ಕೊಳ್ಳೇಗಾಲದವರಿಗೆ ಸಿಗಲಿ. ಸದ್ಯಕ್ಕೆ ನಮ್ಮ ಕ್ಲಸ್ಟರಿನ ಗಣಿತ ಶಿಕ್ಷಕರೇ ಸೇರಿ ಇಂಥ ಟಿಪ್ಪಣಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇವೆ. ಭಿನ್ನರಾಶಿ ಮುಗಿದಿದೆ, ದಶಮಾಂಶ ನಡೆಯುತ್ತಿದೆ. 0.35 ದೊಡ್ಡದೋ 0.4 ದೊಡ್ಡದೋ ಎಂಬಲ್ಲಿ ವಿಡಿಯೊ ನಿಲ್ಲಿಸಿದ ಮೇಲೆ ಮಕ್ಕಳ ಕೈಗೆ ಏನು ಕೊಡುವುದು ಎಂಬುದರ ಬಗ್ಗೆ ನಮ್ಮಲ್ಲಿ ಇನ್ನೂ ಒಮ್ಮತ ಆಗಿಲ್ಲ. ನಾನು ನೂರು ಚೌಕದ ಹಾಳೆ ಎನ್ನುತ್ತೇನೆ, ಪಕ್ಕದ ಶಾಲೆಯವರು ಮೀಟರ್ ಟೇಪು ಎನ್ನುತ್ತಾರೆ. ಮುಂದಿನ ಸಭೆಗೆ ಎರಡನ್ನೂ ತರಗತಿಯಲ್ಲಿ ಮಾಡಿ ನೋಡಿಕೊಂಡು ಬರುವುದೆಂದು ಮಾತಾಗಿದೆ.