ಕುಮಾರಪರ್ವತಕ್ಕೆ ಹೊರಡುವವರು ಮಧ್ಯಾಹ್ನದ ಮೋಡವನ್ನು ಲೆಕ್ಕಕ್ಕಿಡಿ

ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತ ಹತ್ತುವವರು ಬೆಳಗಿನ ತಿಳಿ ಆಕಾಶವನ್ನು ನಂಬಿ ರೇನ್‌ಕೋಟನ್ನು ಕೆಳಗೇ ಬಿಟ್ಟು ಹೋಗಬಾರದು. ನಡುದಾರಿಯಲ್ಲಿ ಸಿಗುವ ಭಟ್ಟರ ಮನೆಯವರೆಗಿನ ದಾರಿ ದಟ್ಟ ಕಾಡಿನೊಳಗೆ ಸಾಗುವುದರಿಂದ ಗಾಳಿಯ ಅರಿವಾಗುವುದಿಲ್ಲ. ಅಲ್ಲಿಂದ ಮೇಲೆ, ಕುಮಾರಪರ್ವತದ ತುದಿಗೆ ಮೊದಲು ಸಿಗುವ ಶೇಷಪರ್ವತ ಶಿಖರದವರೆಗೆ ಬಹುಪಾಲು ಬಯಲು ಹುಲ್ಲುಗಾವಲಾದ್ದರಿಂದ, ಬಿಸಿಲೇರಿದಂತೆ ಕಣಿವೆಯಿಂದ ಮೇಲೇಳುವ ತೇವದ ಗಾಳಿ ಮಧ್ಯಾಹ್ನದ ಹೊತ್ತಿಗೆ ಮೋಡಗಟ್ಟಿ ಗುಡುಗು ಸಿಡಿಲಿನೊಡನೆ ಸುರಿಯತೊಡಗಿದರೆ ಮರೆಗೆ ನಿಲ್ಲಲು ಜಾಗವೇ ಸಿಗದು. ಆದ್ದರಿಂದ 1,712 ಮೀಟರ್ ಎತ್ತರದ ತುದಿಯನ್ನು ಮಧ್ಯಾಹ್ನಕ್ಕೆ ಮೊದಲೇ ಮುಟ್ಟಿ ಇಳಿಯುವಂತೆ ಹೊರಡುವುದು ಲೇಸು. ಗುಡುಗು ಕೇಳಿಸಿದೊಡನೆ ದಿಣ್ಣೆಯ ನೆತ್ತಿಯನ್ನು ಬಿಟ್ಟು ತಗ್ಗಿಗೆ ಇಳಿಯಬೇಕು. ಒಂಟಿ ಮರದಡಿ ನಿಲ್ಲಲೇಬಾರದು.

ತುದಿಯಲ್ಲಿ ಟೆಂಟ್ ಹಾಕಲು ಅನುಮತಿಯಿಲ್ಲ. ಕೆಳಗೆ ಎಲ್ಲಾದರೂ ಅನುಮತಿಯಿದ್ದು ಹಾಕುವುದಾದರೆ ನೀರು ಹರಿದ ಗುರುತಿರುವ ತಗ್ಗನ್ನು ತಪ್ಪಿಸಿ, ಬಾಗಿಲು ಗಾಳಿಗೆ ಎದುರಾಗದಂತೆ ನೋಡಿಕೊಳ್ಳಬೇಕು. ಚಳಿಯೆಂದು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದರೆ ಉಸಿರಿನ ತೇವವೇ ಒಳಬದಿಯಲ್ಲಿ ಹನಿಗಟ್ಟಿ, ಬೆಳಗಿನ ಜಾವ ಸ್ಲೀಪಿಂಗ್ ಬ್ಯಾಗಿನ ಮೇಲೆ ತೊಟ್ಟಿಕ್ಕುತ್ತದೆ. ಬೆನ್ನಿಗೆ ಹಾಕುವ ಬ್ಯಾಗಿನ ಹೊರಕವರನ್ನೇ ನೆಚ್ಚದೆ (ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ), ಒಂದು ಜೊತೆ ಒಣಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡಿ. ಎಷ್ಟೇ ಒದ್ದೆಯಾದರೂ ನಡೆಯುವಾಗ ಅದನ್ನು ಮುಟ್ಟದೆ, ಮಲಗುವ ಹೊತ್ತಿಗೆಂದೇ ಉಳಿಸಿಕೊಳ್ಳಬೇಕು. ನೆನೆದರೆ ಒಣಗದೆ ಮೈಬಿಸಿಯನ್ನು ಹೀರುವ ಜೀನ್ಸ್ ಅಂತೂ ಮನೆಯಲ್ಲೇ ಇರಲಿ.