'ಜ಼' ಇದ್ದ ಕಡೆ 'ರ': ಹಂಗೇರಿಯನ್‌ನಲ್ಲಿ ತುರ್ಕಿಕ್ ಪದ ಹುಡುಕಿದ ಬಗೆ

ಹಂಗೇರಿಯನ್ ಯುರಾಲಿಕ್ ಭಾಷೆ, ಫಿನ್ನಿಷ್‌ನ ದೂರದ ನೆಂಟ. ಆದರೆ ಅದರ ಕೊಟ್ಟಿಗೆ, ಹೊಲಗಳಲ್ಲಿ ತುರ್ಕಿಕ್ (ಟರ್ಕಿಶ್ ಸೇರಿದ ಭಾಷಾ ಕುಟುಂಬ) ಪದಗಳೇ ತುಂಬಿವೆ. ಅವನ್ನು ಹೆಕ್ಕಲು ಕೂತಾಗ ಎಕ್ಸೆಲ್‌ನಲ್ಲಿ ಮೂರು ಕಾಲಂ ಹಾಕಿಕೊಂಡೆ: ಟರ್ಕಿಶ್, ಚುವಾಶ್, ಹಂಗೇರಿಯನ್. ಚುವಾಶ್ ರಷ್ಯಾದ ಒಂದು ತುರ್ಕಿಕ್ ಭಾಷೆ; ಅದು ಯಾಕೆ ಅಂದರೆ, ಅದಿಲ್ಲದೆ ಈ ಕೆಲಸವೇ ನಡೆಯುವುದಿಲ್ಲ.

ಮೊದಲು ಒಟ್ಟೊಮನ್ ಕಾಲದ ಪದಗಳನ್ನು ಪಕ್ಕಕ್ಕಿಟ್ಟೆ. ಬುಡಾ ನಗರ 1541ರಿಂದ 1686ರವರೆಗೆ ತುರ್ಕರ ಕೈಯಲ್ಲಿತ್ತು. ಕಾಫಿ, ಚಪ್ಪಲಿ, ತಂಬಾಕಿನ ಹೆಸರುಗಳು ಆಗ ಬಂದವು. ನನಗೆ ಬೇಕಿದ್ದುದು ಅದಕ್ಕೂ ಹಳೆಯ ಪದರ, 895ರ ಸುಮಾರಿಗೆ ಹಂಗೇರಿಯನ್ನರು ಈಗಿನ ನಾಡಿಗೆ ಬರುವ ಮುಂಚಿನದು.

ಅಲ್ಲಿ ಸಾಲುಗಳು ಹೀಗೆ ಕೂರುತ್ತವೆ. ಎತ್ತಿಗೆ ಟರ್ಕಿಶ್‌ನಲ್ಲಿ ಒಕುಜ಼್, ಚುವಾಶ್‌ನಲ್ಲಿ ವಕರ್, ಹಂಗೇರಿಯನ್‌ನಲ್ಲಿ ಒಕೊರ್. ಅವಳಿ-ಜವಳಿಗೆ ಇಕಿಜ಼್, ಯೆಕೆರ್, ಇಕೆರ್. ಉಂಗುರಕ್ಕೆ ಯುಜ಼ುಕ್, ಶೆರೆ, ದ್ಯುರು. (ಅಲ್ಲಿನ ಸ್ವರಗಳಿಗೆ ನಮ್ಮ ಲಿಪಿಯಲ್ಲಿ ಸರಿಯಾದ ಅಕ್ಷರವಿಲ್ಲ, ಹೊಂದಿಸಿಕೊಳ್ಳಿ.) ಟರ್ಕಿಶ್‌ನ 'ಜ಼' ಬರುವ ಕಡೆಯೆಲ್ಲ ಹಂಗೇರಿಯನ್ 'ರ' ಅನ್ನುತ್ತದೆ, ಚುವಾಶ್ ಕೂಡ. ಅಂದರೆ ಸಾಲ ಕೊಟ್ಟವರು ತುರ್ಕಿಕ್‌ನ ಬುಲ್ಗರ್ ಎಂಬ ಕವಲಿನವರು. ಆ ಕವಲಿನಲ್ಲಿ ಇಂದು ಉಳಿದಿರುವುದು ವೋಲ್ಗಾ ಸೀಮೆಯ ಚುವಾಶ್ ಒಂದೇ. ಹಂಗೇರಿಯ ಭಾಷಾವಿಜ್ಞಾನಿ ಜೋಲ್ತಾನ್ ಗೊಂಬೊತ್ಸ್ 1912ರಲ್ಲೇ ಇದನ್ನು ಪುಸ್ತಕವಾಗಿ ಬರೆದಿಟ್ಟಿದ್ದಾರೆ. ನಾನು ಮಾಡಿದ್ದು ಸಾಲು ಸಾಲಾಗಿ ತಾಳೆ ನೋಡಿದ್ದಷ್ಟೆ. ಆದರೂ ಕೈಯಾರೆ ಮಾಡಿದರೆ ಸಿಗುವ ನಂಬಿಕೆಯೇ ಬೇರೆ.

ಚುವಾಶನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಸಮುದ್ರಕ್ಕೆ ಟರ್ಕಿಶ್ ದೆನಿಜ಼್, ಹಂಗೇರಿಯನ್ ತೆಂಗೆರ್. ಚುವಾಶ್‌ನಲ್ಲಿ 'ರ' ಇರಬೇಕಿತ್ತು, ಇರುವುದು ತಿನೆಸ್. ನಿಯಮ ಮುರಿಯಿತು ಅಂತಲ್ಲ. ಚುವಾಶರು ತಮ್ಮ ಹಳೆಯ ಪದ ಬಿಟ್ಟು ನೆರೆಯ ಟಾಟಾರರದ್ದನ್ನು (ಅವರದೂ ತುರ್ಕಿಕ್ ಭಾಷೆಯೇ, ಬೇರೆ ಕವಲಿನದು) ತಂದುಕೊಂಡರು. ಮನೆಯವರು ಕಳೆದುಕೊಂಡ ಪದ ಸಾಲ ಒಯ್ದವರ ಹತ್ತಿರ ಉಳಿದುಕೊಂಡಿದೆ! ಹಾಗಾಗಿ ನಾಲ್ಕನೇ ಕಾಲಂ ಟಾಟಾರ್‌ಗೆ ಕೊಡಬೇಕಾಯಿತು.

ಪದ ಯಾವಾಗ ಬಂತು ಅನ್ನುವುದಕ್ಕೆ ಹಂಗೇರಿಯನ್‌ನ ಸ್ವಂತ ಬದಲಾವಣೆಗಳನ್ನೇ ಹಿಡಿದೆ. ಫಿನ್ನಿಷ್‌ನಲ್ಲಿ ಮೀನು 'ಕಲ', ಹಂಗೇರಿಯನ್‌ನಲ್ಲಿ 'ಹಲ್'; ಪದದ ಮೊದಲ 'ಕ' ಕೆಲವು ಸ್ವರಗಳ ಮುಂದೆ 'ಹ' ಆಗಿದೆ. ಆದರೆ ತುರ್ಕಿಕ್‌ನಿಂದ ಬಂದ ಬಾಗಿಲು 'ಕಪು' ಆಗಿಯೇ ಇದೆ. ಕನ್ನಡಿಗರಿಗೆ ಇದು ಗೊತ್ತಿರುವ ಲೆಕ್ಕವೇ: ಪುಲಿ ಹುಲಿಯಾಯಿತು, ಪಾಲ್ ಹಾಲಾಯಿತು, ತಡವಾಗಿ ಬಂದ ಪೊಲೀಸ್ ಮಾತ್ರ ಹೊಲೀಸ್ ಆಗಲಿಲ್ಲ.

ತಲೆ ತಿಂದಿದ್ದು ಮರಳಿನ ಪದ, 'ಹೊಮೊಕ್'. ತುರ್ಕಿಕ್‌ನ 'ಕುಮಕ್' ಅದರ ಮೂಲ, ಆದರೆ ಇಲ್ಲಿ 'ಹ' ಇದೆ. ಒಂದೋ ಇದು ಬಹಳ ಮೊದಲೇ ಬಂದಿತ್ತು, ಇಲ್ಲವೇ ಕೊಟ್ಟವರ ಬಾಯಲ್ಲೇ 'ಕ' ಸಡಿಲವಾಗಿತ್ತು. ಹುಡುಗಿಗೆ ಟರ್ಕಿಶ್ 'ಕಿಜ಼್' ಅಂದರೆ ಚುವಾಶ್ 'ಹೆರ್' ಅನ್ನುತ್ತದಲ್ಲ, ಹಾಗೆ. ನನಗೆ ಎರಡನೆಯದೇ ಹೆಚ್ಚು ಒಪ್ಪುತ್ತದೆ, ಆದರೂ ಹಾಳೆಯಲ್ಲಿ ಎರಡನ್ನೂ ಬರೆದಿಟ್ಟಿದ್ದೇನೆ.